ಥರ್ಮಲ್ ಮುಚ್ಚಿ ಅನ್ನೋ ಗೆಳೆಯರಿಗೆ



ಕಲ್ಲಿದ್ದಲು ಸ್ಥಾವರ ಮುಚ್ಚಿ, ಸೋಲಾರ್ ತನ್ನಿ ಅನ್ನೋ ಮಾತು ಈಗ ನಮ್ಮ ಸಭೆಗಳಲ್ಲೂ ಕೇಳ್ತಿದೆ. ಬೂದಿಯ ವಿಷಯದಲ್ಲಿ ನನ್ನ ತಕರಾರಿಲ್ಲ. ರಾಯಚೂರಿನ ಶಕ್ತಿನಗರದಲ್ಲಿ ಆರ್‌ಟಿಪಿಎಸ್‌ನ ಮೊದಲ ಘಟಕ ಶುರುವಾಗಿದ್ದು 1985ರಲ್ಲಿ. ಆಮೇಲೆ 8 ಘಟಕ, 1720 ಮೆಗಾವಾಟ್ ಆಯ್ತು. ನಮ್ಮ ರಾಜ್ಯದಲ್ಲಿ ಕಲ್ಲಿದ್ದಲು ಗಣಿ ಇಲ್ಲ, ಸಿಂಗರೇಣಿಯಿಂದಲೋ ಒಡಿಶಾದಿಂದಲೋ ರೈಲಿನಲ್ಲಿ ಬರಬೇಕು. ಆ ಕಲ್ಲಿದ್ದಲು ನೂರು ಟನ್ ಸುಟ್ಟರೆ 30–40 ಟನ್ ಬೂದಿಯೇ ಉಳಿಯುತ್ತೆ. ಕರೆಂಟು ಬೆಂಗಳೂರಿಗೆ ಹೋಗುತ್ತೆ, ಬೂದಿ ಅಲ್ಲೇ ಬೀಳುತ್ತೆ. ಚಿಮಣಿಯ ಗಂಧಕ ತಡೆಯೋಕೆ ಕೇಂದ್ರ ಸರ್ಕಾರ 2015ರಲ್ಲಿ ನಿಯಮ ಮಾಡ್ತು. ಗಡುವು ಮುಂದೂಡಿ ಮುಂದೂಡಿ, 2025ರ ಜುಲೈನಲ್ಲಿ ದೇಶದ ಬಹುಪಾಲು ಸ್ಥಾವರಗಳಿಗೆ ಆ ಯಂತ್ರವೇ ಬೇಡ ಅಂದುಬಿಟ್ಟರು.

ಸರಿ, ಮುಚ್ಚೋಣ. ಆದ್ರೆ ಬೂದಿ ಹೊಂಡದಲ್ಲಿ, ವ್ಯಾಗನ್ ಪಕ್ಕದಲ್ಲಿ, ಬಾಯ್ಲರ್ ಕೆಳಗೆ ಗುತ್ತಿಗೆ ಮೇಲೆ ದುಡಿಯೋರು ಎಲ್ಲಿಗೆ ಹೋಗ್ಬೇಕು? ಅವರು ಯಾವ ಕೇರಿಯಿಂದ ಬರ್ತಾರೆ ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಜಲವಿದ್ಯುತ್ತು, ಗಾಳಿವಿದ್ಯುತ್ತು ಜಾಸ್ತಿ ಬಂದಾಗ ಥರ್ಮಲ್ ಘಟಕ ನಿಲ್ಲಿಸ್ತಾರೆ. ಕಾಯಂ ನೌಕರನ ಸಂಬಳ ನಿಲ್ಲಲ್ಲ. ದಿನಗೂಲಿಯವನಿಗೆ ಕೆಲಸ ಇಲ್ಲದ ದಿನ ಕೂಲಿಯೂ ಇಲ್ಲ.

ಸೋಲಾರ್ ಬಂದ್ರೆ ಎಲ್ಲ ಸರಿಹೋಗುತ್ತೆ ಅನ್ನೋರು ಒಂದ್ಸಲ ಪಾವಗಡ ನೋಡಿ. 2050 ಮೆಗಾವಾಟ್, ಸುಮಾರು 13 ಸಾವಿರ ಎಕರೆ. ಜಮೀನು ಇದ್ದವರಿಗೆ ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಿಂದ ಬಾಡಿಗೆ ಶುರುವಾಯ್ತು. ಅದೇ ಹೊಲದಲ್ಲಿ ಶೇಂಗಾ ಕೀಳ್ತಿದ್ದ, ಕುರಿ ಮೇಯಿಸ್ತಿದ್ದ ಭೂಮಿ ಇಲ್ಲದೋರಿಗೆ? ಬಾಡಿಗೆ ಬರೋದು ಪಹಣಿಯಲ್ಲಿ ಹೆಸರಿದ್ದವರಿಗೆ. ಪಹಣಿಯಲ್ಲಿ ನಮ್ಮ ಹೆಸರು ಯಾವಾಗ ಇತ್ತು?

ಇದರಲ್ಲಿ ಕಾನೂನಿನ ಒಂದು ಸೂಕ್ಷ್ಮ ಇದೆ, ಹೆಚ್ಚು ಜನ ಗಮನಿಸಲ್ಲ. 2013ರ ಭೂಸ್ವಾಧೀನ ಕಾಯ್ದೆಯಲ್ಲಿ, ಆ ಜಮೀನಿನ ದುಡಿಮೆಯನ್ನೇ ನಂಬಿ ಮೂರು ವರ್ಷ ಬದುಕಿದ್ದ ಕೃಷಿ ಕೂಲಿಕಾರನ ಕುಟುಂಬವೂ ಬಾಧಿತ ಕುಟುಂಬ. ಹಳೇ 1894ರ ಕಾಯ್ದೆಯಲ್ಲಿ ಅದಿರಲಿಲ್ಲ, ಹೋರಾಟ ಮಾಡಿ ಬಂದದ್ದು. ಆದ್ರೆ ಪಾವಗಡದಲ್ಲಿ ಭೂಸ್ವಾಧೀನವೇ ಆಗಿಲ್ಲ, ಆಗಿದ್ದು ಗುತ್ತಿಗೆ. ಹಾಗಾಗಿ ಆ ಹಕ್ಕು ಅಲ್ಲಿ ಲೆಕ್ಕಕ್ಕೇ ಬರಲಿಲ್ಲ. ರೈತನ ಭೂಮಿ ರೈತನಿಗೇ ಉಳೀತು ಅಂತ ಇದನ್ನೇ ಮಾದರಿ ಅಂತಾರೆ. ರೈತನಿಗೆ ಉಳೀತು, ನಿಜ.

ಅದಕ್ಕೇ ನನ್ನ ಒತ್ತಾಯ ಇಷ್ಟು. ಯಾವುದೇ ಘಟಕ ಮುಚ್ಚೋ ಮೊದಲು ಅಲ್ಲಿನ ಗುತ್ತಿಗೆ ಕಾರ್ಮಿಕರ ಹೆಸರಿನ ಪಟ್ಟಿ ಆಗಲಿ, ಅದರಲ್ಲಿ ಜಾತಿಯ ಕಾಲಂ ಇರಲಿ. ಶ್ವಾಸಕೋಶ ತಪಾಸಣೆಯ ಖರ್ಚು ಸ್ಥಾವರದ್ದಾಗಲಿ. ಸೋಲಾರ್‌ಗೆ ಭೂಮಿ ಗುತ್ತಿಗೆ ಕೊಡುವಲ್ಲಿ ಬಾಡಿಗೆಯ ಒಂದು ಪಾಲು ಭೂಹೀನರಿಗೆ ಸಿಗಲಿ.

ರಾಯಚೂರು, ಕುಡತಿನಿ ಕಡೆಯ ಸಂಗಾತಿಗಳೇ, ನಿಮ್ಮ ಗೇಟ್‌ಪಾಸ್, ಪಿಎಫ್ ನಂಬರ್, ಕೂಲಿ ಚೀಟಿಗಳ ಫೋಟೋ ಈಗಲೇ ತೆಗೆದಿಟ್ಕೊಳ್ಳಿ. ಗುತ್ತಿಗೆದಾರ ಬದಲಾದ್ರೆ ಕಾಗದದಲ್ಲಿ ನೀವು ಹೊಸಬರಾಗಿಬಿಡ್ತೀರಿ. ಹದಿನೈದು ವರ್ಷ ದುಡಿದಿದ್ದಕ್ಕೆ ಆ ಚೀಟಿ ಬಿಟ್ಟು ಬೇರೆ ಸಾಕ್ಷಿ ಇರಲ್ಲ.