ಬಣ್ಣ ಹಾಕದ ಉಣ್ಣೆಯ ಸ್ವೆಟರ್ ಮೈಗೆ ಚುಚ್ಚುವುದಿಲ್ಲವೇ?

ಚಳಿಗಾಲ ಹತ್ತಿರವಾದಂತೆ ಕೈಹೆಣಿಗೆಯ ಸ್ವೆಟರ್‌ಗಳ ಮಾತು ಶುರುವಾಗುತ್ತದೆ. ಅದರ ಜೊತೆಗೇ ಒಂದು ನಂಬಿಕೆಯೂ ಹರಡಿದೆ: "ಉಣ್ಣೆ ಚುಚ್ಚುವುದು ಅದಕ್ಕೆ ಹಾಕಿದ ಬಣ್ಣದಿಂದ. ಬಣ್ಣ ಹಾಕದ ಉಣ್ಣೆಯಲ್ಲಿ ಹೆಣೆದರೆ ಚುಚ್ಚುವುದೂ ಇಲ್ಲ, ಅಲರ್ಜಿಯೂ ಆಗುವುದಿಲ್ಲ." ಇದನ್ನು ನಂಬಿ ಹೆಚ್ಚು ಹಣ ಕೊಟ್ಟು ನೂಲು ತಂದು, ಒಂದೆರಡು ತಿಂಗಳು ಕೂತು ಹೆಣೆದ ಸ್ವೆಟರನ್ನು ಮಗು ಐದು ನಿಮಿಷಕ್ಕೆ ಕಿತ್ತೆಸೆದರೆ ಬೇಸರವಾಗದೇ ಇರುತ್ತದೆಯೇ? ಈ ನಂಬಿಕೆಯಲ್ಲಿ ನಿಜವೆಷ್ಟು ಎಂದು ನೋಡೋಣ.

ಮೊದಲು, ಅದು ಉಣ್ಣೆಯೇ?

ನಮ್ಮ ಅಂಗಡಿಗಳಲ್ಲಿ "ಉಲ್ಲನ್" ಎಂಬ ಹೆಸರಿನಲ್ಲಿ ಸಿಗುವ ಬಣ್ಣಬಣ್ಣದ ಉಂಡೆಗಳಲ್ಲಿ ಹೆಚ್ಚಿನವು ಅಕ್ರಿಲಿಕ್, ಅಂದರೆ ಒಂದು ಬಗೆಯ ಪ್ಲಾಸ್ಟಿಕ್ ನೂಲು. ಕುರಿಗೂ ಅದಕ್ಕೂ ಸಂಬಂಧವಿಲ್ಲ. ಒಂದು ಸಣ್ಣ ಎಳೆಯನ್ನು ಚಿಮಟದಲ್ಲಿ ಹಿಡಿದು ಸುಟ್ಟರೆ ವ್ಯತ್ಯಾಸ ತಿಳಿಯುತ್ತದೆ. ನಿಜವಾದ ಉಣ್ಣೆ ಕೂದಲು ಸುಟ್ಟ ವಾಸನೆ ಬೀರುತ್ತದೆ, ಬೆಂಕಿಯಿಂದ ದೂರ ಸರಿಸಿದರೆ ತಾನಾಗಿಯೇ ಆರುತ್ತದೆ, ಉಳಿದದ್ದು ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಚುಚ್ಚುವುದು ಏಕೆ?

ಉಣ್ಣೆ ಚುಚ್ಚುವುದು ಮುಖ್ಯವಾಗಿ ಅದರ ಎಳೆಯ ದಪ್ಪದಿಂದ. ನೂಲಿನ ಮೇಲ್ಮೈಯಲ್ಲಿ ಸಾವಿರಾರು ಎಳೆಗಳ ತುದಿಗಳು ಹೊರಚಾಚಿರುತ್ತವೆ. ಎಳೆ ತೆಳುವಾಗಿದ್ದರೆ ಚರ್ಮಕ್ಕೆ ತಾಗಿದೊಡನೆ ಬಾಗುತ್ತದೆ. ದಪ್ಪವಾಗಿದ್ದರೆ ಬಾಗದೆ ಚರ್ಮವನ್ನು ಒತ್ತುತ್ತದೆ, ಅಲ್ಲಿನ ನರತುದಿಗಳು ಅದನ್ನು ಚುಚ್ಚಿದಂತೆ ಗ್ರಹಿಸುತ್ತವೆ. ದಪ್ಪ ಎರಡರಷ್ಟಾದರೆ, ಅದೇ ಉದ್ದದ ಎಳೆಯನ್ನು ಬಾಗಿಸಲು ಬೇಕಾದ ಬಲ 16 ಪಟ್ಟು ಹೆಚ್ಚುತ್ತದೆ. ಅದಕ್ಕೇ ಕಣ್ಣಿಗೆ ಕಾಣದಷ್ಟು ಸಣ್ಣ ವ್ಯತ್ಯಾಸವೂ ಮೈಗೆ ಗೊತ್ತಾಗುತ್ತದೆ.

ಎಳೆಯ ದಪ್ಪವನ್ನು ಮೈಕ್ರಾನ್‌ನಲ್ಲಿ ಅಳೆಯುತ್ತಾರೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಮೆರಿನೋ ಉಣ್ಣೆಯ ಎಳೆ ಸಾಮಾನ್ಯವಾಗಿ 24 ಮೈಕ್ರಾನ್‌ಗಿಂತ ತೆಳು. ನೂಲಿನಲ್ಲಿ 30 ಮೈಕ್ರಾನ್‌ಗಿಂತ ದಪ್ಪನೆಯ ಎಳೆಗಳು ಶೇಕಡಾ 5ಕ್ಕಿಂತ ಹೆಚ್ಚಾದರೆ ಬಹಳಷ್ಟು ಜನರಿಗೆ ಬಟ್ಟೆ ಚುಚ್ಚತೊಡಗುತ್ತದೆ. ಬಣ್ಣ ಹಾಕಿದ ತೆಳು ಮೆರಿನೋ ಚುಚ್ಚದಿರಬಹುದು, ಬಣ್ಣವೇ ಕಾಣದ ಒರಟು ಉಣ್ಣೆ ಚುಚ್ಚೇ ಚುಚ್ಚುತ್ತದೆ.

ಹಾಗಾದರೆ ಉಣ್ಣೆ ಅಲರ್ಜಿ?

ಮೈ ತುರಿಸಿದ್ದನ್ನೆಲ್ಲ ಅಲರ್ಜಿ ಎನ್ನಲಾಗದು. ಅಲರ್ಜಿಯಲ್ಲಿ ದೇಹದ ರಕ್ಷಣಾ ವ್ಯವಸ್ಥೆ ಪ್ರತಿಕ್ರಿಯಿಸುತ್ತದೆ. ಒರಟು ಉಣ್ಣೆ ಚುಚ್ಚುವುದು ಬರೀ ಒತ್ತಡದ ಪರಿಣಾಮ. ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿ ಚರ್ಮವೈದ್ಯಕೀಯ ನಿಯತಕಾಲಿಕೆಯೊಂದರಲ್ಲಿ 2017ರಲ್ಲಿ ಪ್ರಕಟವಾದ ಲೇಖನವೊಂದು, ಉಣ್ಣೆಯ ಎಳೆಯೇ ಅಲರ್ಜಿ ತರುತ್ತದೆ ಎನ್ನಲು ನಂಬಲರ್ಹ ಆಧಾರವಿಲ್ಲ ಎಂಬ ತೀರ್ಮಾನಕ್ಕೆ ಬಂದಿತು. ಉಣ್ಣೆಯಲ್ಲಿರುವ ಲ್ಯಾನೋಲಿನ್ ಎಂಬ ಜಿಡ್ಡು ಕೆಲವರಿಗೆ ಅಲರ್ಜಿ ತರುವುದುಂಟು. ಆದರೆ ಉಣ್ಣೆಯನ್ನು ತೊಳೆಯುವಾಗ ಅದರ ಬಹುಪಾಲು ಹೋಗಿಬಿಡುತ್ತದೆ.

ಬಣ್ಣದಿಂದ ಅಲರ್ಜಿ ಆಗುವುದೇ ಇಲ್ಲವೆಂದಲ್ಲ. ಬಟ್ಟೆಯ ಬಣ್ಣಗಳಲ್ಲಿ ಹೆಚ್ಚು ತೊಂದರೆ ಕೊಡುವುದು ಡಿಸ್ಪರ್ಸ್ ಬಣ್ಣಗಳ ಗುಂಪು, ಅವನ್ನು ಹೆಚ್ಚಾಗಿ ಬಳಸುವುದು ಪಾಲಿಯೆಸ್ಟರ್‌ನಂಥ ಕೃತಕ ಬಟ್ಟೆಗಳಿಗೆ. ಸ್ವೆಟರ್ ತೆಗೆದ ಮೇಲೂ ದದ್ದು ಉಳಿದರೆ, ಅಥವಾ ಮೊದಲೇ ಇಸುಬು ಇದ್ದರೆ, ಚರ್ಮವೈದ್ಯರಿಗೆ ತೋರಿಸುವುದೇ ಸರಿ.

ಬಣ್ಣ ಹಾಕಿಲ್ಲ ಎಂದರೆ ರಾಸಾಯನಿಕ ಇಲ್ಲವೆಂದೇ?

ಬಣ್ಣ ಹಾಕದ ಉಣ್ಣೆಯ ಕಪ್ಪು, ಕಂದು, ಬೂದು ಬಣ್ಣಗಳು ನಮ್ಮ ಕೂದಲಿಗೂ ಬಣ್ಣ ಕೊಡುವ ಮೆಲನಿನ್‌ನಿಂದ ಬಂದವು. ಇದು ನಿಜಕ್ಕೂ ಸಹಜ ಬಣ್ಣ, ಬಣ್ಣದ ಮನೆಯ ನೀರು ಮತ್ತು ತ್ಯಾಜ್ಯವೂ ಉಳಿಯುತ್ತದೆ. ಪರಿಸರದ ದೃಷ್ಟಿಯಿಂದ ಇದು ಒಳ್ಳೆಯ ಕಾರಣವೇ.

ಆದರೆ "ಬಣ್ಣ ಹಾಕಿಲ್ಲ" ಎಂಬ ಚೀಟಿ ಬಣ್ಣದ ಬಗ್ಗೆ ಮಾತ್ರ ಹೇಳುತ್ತದೆ. ಬಿಳಿ ಉಣ್ಣೆಯನ್ನು ಹೈಡ್ರೋಜನ್ ಪೆರಾಕ್ಸೈಡ್‌ನಿಂದ ಇನ್ನಷ್ಟು ಬೆಳ್ಳಗೆ ಮಾಡಿರಬಹುದು. ಅಂಟಿಕೊಂಡ ಮುಳ್ಳು, ಕಸಕಡ್ಡಿ ತೆಗೆಯಲು ಸಲ್ಫ್ಯೂರಿಕ್ ಆಮ್ಲದಲ್ಲಿ ಹಾಯಿಸಿರಬಹುದು. ಮೆಷಿನ್‌ನಲ್ಲಿ ಒಗೆಯಬಹುದು ಎಂದು ಬರೆದಿದ್ದರೆ, ಕ್ಲೋರಿನ್‌ನಿಂದ ಸಂಸ್ಕರಿಸಿ ಮೇಲೆ ತೆಳುವಾದ ಪಾಲಿಮರ್ ಲೇಪ ಕೊಟ್ಟಿರುವ ಸಾಧ್ಯತೆ ಹೆಚ್ಚು. ಇವೆಲ್ಲ ಆದಮೇಲೂ ಅದು "ಬಣ್ಣ ಹಾಕದ" ಉಣ್ಣೆಯೇ.

ಐಸ್‌ಲ್ಯಾಂಡ್‌ನವರು ಮಾಡಿದ್ದೇನು?

ಬಣ್ಣ ಹಾಕದ ಉಣ್ಣೆಯಲ್ಲೇ ಅಂದದ ಪುಲ್‌ಓವರ್ ಹೆಣೆಯುವುದಕ್ಕೆ ಐಸ್‌ಲ್ಯಾಂಡ್ ಒಳ್ಳೆಯ ಉದಾಹರಣೆ. ಅಲ್ಲಿನ ಕುರಿಗೆ ಎರಡು ಪದರದ ಉಣ್ಣೆ: ಹೊರಗೆ ಉದ್ದನೆಯ ಒರಟು ಎಳೆ, ಒಳಗೆ ತೆಳುವಾದ ಮೃದು ಎಳೆ. ಎರಡನ್ನೂ ಸೇರಿಸಿ ಮಾಡಿದ ನೂಲಿನಲ್ಲಿ ಅವರು 'ಲೋಪಪೇಯ್ಸಾ' ಎಂಬ ಪುಲ್‌ಓವರ್ ಹೆಣೆಯುತ್ತಾರೆ. ಇದು ಬಹಳ ಪುರಾತನವೇನಲ್ಲ, 20ನೆಯ ಶತಮಾನದ ನಡುವಿನಲ್ಲಿ ರೂಪುಗೊಂಡದ್ದು. ಕುತ್ತಿಗೆಯ ಸುತ್ತ ವೃತ್ತಾಕಾರವಾಗಿ ಬಿಳಿ, ಬೂದು, ಕಂದು, ಕಪ್ಪು ಉಣ್ಣೆಯದೇ ಚಿತ್ತಾರ. ಎರಡು ನೂಲನ್ನು ಒಟ್ಟಿಗೆ ಒಯ್ಯುವುದರಿಂದ ಭುಜದ ಬಳಿ ಹೆಣಿಗೆ ಎರಡು ಪದರವಾಗುತ್ತದೆ, ಅಲ್ಲಿ ಹೆಚ್ಚು ಗಾಳಿ ಸಿಕ್ಕಿಕೊಂಡು ಹೆಚ್ಚು ಬೆಚ್ಚಗಿರುತ್ತದೆ. ಒರಟು ಎಳೆ ಇರುವುದರಿಂದ ಒಳಗೆ ಒಂದು ಅಂಗಿ ತೊಟ್ಟು ಅದರ ಮೇಲೆ ಹಾಕಿಕೊಳ್ಳುತ್ತಾರೆ, ಅಷ್ಟೇ.

ನಮ್ಮ ಕಂಬಳಿ ಉಣ್ಣೆ?

ಕರ್ನಾಟಕದ ಬಯಲುಸೀಮೆಯ ಡೆಕ್ಕನಿ ಕುರಿಯ ಕರಿ ಉಣ್ಣೆಯೂ ಬಣ್ಣ ಹಾಕದ ಉಣ್ಣೆಯೇ. ಕುರುಬ ಸಮುದಾಯದವರು ಅದನ್ನು ನೂತು, ಹುಣಸೆ ಬೀಜದ ಗಂಜಿ ಕೊಟ್ಟು, ಕಂಬಳಿ ನೇಯುತ್ತ ಬಂದಿದ್ದಾರೆ. ಆದರೆ ಇದರ ಎಳೆ 30 ಮೈಕ್ರಾನ್‌ಗಿಂತ ಎಷ್ಟೋ ದಪ್ಪ. ಅದರಲ್ಲಿ ಹೆಣೆದ ಸ್ವೆಟರನ್ನು ಬರೀ ಮೈಮೇಲೆ ತೊಡುವುದು ಕಷ್ಟ. ಮಳೆ, ಚಳಿ, ಮುಳ್ಳು, ನೆಲದ ಒರಟು ಎಲ್ಲವನ್ನೂ ತಡೆಯುವ ಕಂಬಳಿಗೆ ಅದೇ ದಪ್ಪ ಎಳೆ ಹೇಳಿ ಮಾಡಿಸಿದ್ದು.

ಈಗ ಕಂಬಳಿಗೆ ಬೇಡಿಕೆ ಕುಸಿದು, ಉಣ್ಣೆ ಕತ್ತರಿಸುವ ಕೂಲಿಯೂ ಹುಟ್ಟದೆ ಎಷ್ಟೋ ಕಡೆ ಕುರಿಗಾರರು ಅದನ್ನು ಎಸೆಯುತ್ತಿದ್ದಾರೆ. ಮಾಂಸಕ್ಕಾಗಿ ಉಣ್ಣೆಯೇ ಇಲ್ಲದ ತಳಿಗಳತ್ತ ವಾಲಿದವರೂ ಇದ್ದಾರೆ. "ನೈಸರ್ಗಿಕ, ಮೃದು" ಎಂದು ಹೇಳಿ ಮಾರಿದರೆ ಈ ಉಣ್ಣೆ ಉಳಿಯದು. ಒಮ್ಮೆ ಚುಚ್ಚಿಸಿಕೊಂಡವರು ಮತ್ತೆ ಕೊಳ್ಳುವುದಿಲ್ಲ. ಅಂಗಿಯ ಮೇಲೆ ತೊಡುವ ಜಾಕೆಟ್, ಚೀಲ, ಜಮಖಾನೆಯಂಥವಕ್ಕೆ ಬಳಸಿದರೆ ಅದರ ಒರಟುತನವೇ ಗುಣವಾಗುತ್ತದೆ.

ಹೆಣೆಯುವವರು ಗಮನಿಸಬೇಕಾದ್ದು

- ಕೊಳ್ಳುವ ಮೊದಲು ಉಂಡೆಯನ್ನು ಕುತ್ತಿಗೆಗೆ ಒತ್ತಿ ಹಿಡಿದು ನೋಡಿ. ಅಂಗೈಯ ಚರ್ಮ ದಪ್ಪ, ಅದಕ್ಕೆ ಚುಚ್ಚುವುದು ತಿಳಿಯದು.
- ಸಹಜ ಬಣ್ಣ ಕುರಿಯಿಂದ ಕುರಿಗೆ ಬದಲಾಗುತ್ತದೆ. ಇಡೀ ಸ್ವೆಟರಿಗೆ ಬೇಕಾದಷ್ಟು ನೂಲನ್ನು ಒಮ್ಮೆಗೇ ತನ್ನಿ. ಎರಡು ಉಂಡೆಗಳಿಂದ ಎರಡೆರಡು ಸಾಲು ಬದಲಿಸಿ ಹೆಣೆದರೆ ವ್ಯತ್ಯಾಸ ಎದ್ದು ಕಾಣದು.
- ಅಂಗೈಯಗಲದ ಚೌಕವೊಂದನ್ನು ಮೊದಲು ಹೆಣೆದು, ಒಗೆದು, ಒಣಗಿಸಿ, ಆಮೇಲೆ ಅಳತೆ ತೆಗೆಯಿರಿ. ಒಗೆದ ಮೇಲೆ ಹೆಣಿಗೆಯ ಅಳತೆ ಬದಲಾಗಬಹುದು.
- ಉಣ್ಣೆಯ ಎಳೆಯ ಮೇಲೆ ಮೀನಿನ ಹುರುಪೆಯಂಥ ಪದರಗಳಿವೆ. ಬಿಸಿನೀರಲ್ಲಿ ತಿಕ್ಕಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಸ್ವೆಟರ್ ಕುಗ್ಗುತ್ತದೆ, ಮತ್ತೆ ಹಿಗ್ಗುವುದಿಲ್ಲ. ತಣ್ಣೀರಿನಲ್ಲಿ ಅದ್ದಿ, ಹಿಂಡದೆ ಟವಲಿನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಹಾಸಿ ಒಣಗಿಸಿ.
- ಹಲವು ಡಿಟರ್ಜೆಂಟ್‌ಗಳಲ್ಲಿ ಪ್ರೋಟೀನ್ ಕರಗಿಸುವ ಕಿಣ್ವಗಳಿರುತ್ತವೆ. ಉಣ್ಣೆಯೂ ಪ್ರೋಟೀನೇ. ಬದಲಿಗೆ ಸೌಮ್ಯ ಶಾಂಪೂ ಸಾಕು.

ಒಟ್ಟಿನಲ್ಲಿ, ಬಣ್ಣ ಹಾಕದ ಉಣ್ಣೆಯನ್ನು ಅದರ ಸಹಜ ಚೆಲುವಿಗಾಗಿ, ಉಳಿಯುವ ನೀರಿಗಾಗಿ ಆರಿಸಿಕೊಳ್ಳಿ. ಮೈಗೆ ಹಿತವೋ ಅಲ್ಲವೋ ಎಂಬುದನ್ನು ಮಾತ್ರ ಎಳೆಯ ದಪ್ಪ ನೋಡಿ ನಿರ್ಧರಿಸಿ.