ಗೀರಿದಲ್ಲಿ ಬೆಳಕು

ಕನ್ನಡ ಪಂಡಿತರಿಗೇಕೆ ಈ ಉಸಾಬರಿ ಎಂದು ನಗುವವರು ನಗಲಿ. ವ್ಯಾನನ್ನೇ ಮನೆಯಾಗಿಸಿ ಊರೂರು ಸುತ್ತುವವರು ಅದರ ತಗ್ಗಾದ ಮಾಡಿಗೆ ಬರಿಯ ಎಲ್‌ಇಡಿ ದೀಪ ಹಾಕುವುದು ನಮಗೆ ಸರಿಕಾಣದು, ಕಣ್ಣಿಗೆ ಚುಚ್ಚುತ್ತದೆ. ಅಕ್ರಿಲಿಕ್ ಹಲಗೆಯ ಅಂಚಿಗೆ ಎಲ್‌ಇಡಿ ಪಟ್ಟಿ ಜೋಡಿಸುವುದೇ ಮೇಲು. ಒಳಹೊಕ್ಕ ಬೆಳಕು ಮೇಲ್ಮೈಯ ಲಂಬಕ್ಕೆ ಸುಮಾರು 42 ಡಿಗ್ರಿಗಿಂತ ಹೆಚ್ಚು ಓರೆಯಾಗಿ ಬಡಿದರೆ ಹೊರಬಾರದೆ ಒಳಗೇ ಪ್ರತಿಫಲಿಸುತ್ತ ಸಾಗುತ್ತದೆ. ಮರಳುಕಾಗದದಿಂದ ಗೀರಿದಲ್ಲಿ ಮಾತ್ರ ಹೊರಚೆಲ್ಲುತ್ತದೆ. ದೀಪದ ಬಳಿ ಗೀರು ವಿರಳವಾಗಿರಬೇಕು, ದೂರ ಹೋದಂತೆ ದಟ್ಟವಾಗಬೇಕು. ಇದನ್ನರಿಯದೆ ಮಕ್ಕಳೊಡನೆ ನಾವು ಸಮನಾಗಿ ಉಜ್ಜಿದ ಮೊದಲ ಹಲಗೆ ಒಂದು ಕಡೆ ಹಗಲು, ಇನ್ನೊಂದು ಕಡೆ ಇರುಳು! ಹಲಗೆ ಕೆಟ್ಟಿತೆಂದು ಹೆತ್ತವರು ಗದರಬಾರದು. ಪರೀಕ್ಷೆಗೆ ಉರುಹೊಡೆದ ಪೂರ್ಣ ಆಂತರಿಕ ಪ್ರತಿಫಲನ ಮಕ್ಕಳಿಗೆ ಅರ್ಥವಾದದ್ದು ಆ ಕೆಟ್ಟ ಹಲಗೆಯಿಂದಲೇ. 12 ವೋಲ್ಟಿನ ಬ್ಯಾಟರಿಯ ಬಳಿಯಲ್ಲೇ ಫ್ಯೂಸ್ ಇರಲಿ. ಮನೆಯ 230 ವೋಲ್ಟಿನ ತಂತಿಗೆ ಮಕ್ಕಳು ಕೈಹಾಕಕೂಡದು.