ಪಹಣಿಯಲ್ಲಿ ಉಳಿಯದ ಹೆಸರುಗಳು

ಪ್ರತಿವರ್ಷ ಸೆಪ್ಟೆಂಬರ್ 17ರಂದು ಕಲಬುರಗಿ, ಬೀದರ, ರಾಯಚೂರುಗಳಲ್ಲಿ ಧ್ವಜಾರೋಹಣವಾಗುತ್ತದೆ. 1948ರ ಆ ದಿನ ನಿಜಾಮನ ಸಂಸ್ಥಾನವು ಭಾರತ ಸೇನೆಗೆ ಶರಣಾದುದನ್ನೂ, ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳು, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರು ಗಡಿ ಶಿಬಿರಗಳನ್ನು ನಡೆಯಿಸಿ ನಿಜಾಮನ ಪರವಾದ ರಜಾಕಾರ ಪಡೆಯನ್ನು ಎದುರಿಸಿದುದನ್ನೂ ವೇದಿಕೆಗಳ ಮೇಲೆ ಭಕ್ತಿಯಿಂದ ಸ್ಮರಿಸುತ್ತಾರೆ. ಸ್ಮರಣೆ ಯೋಗ್ಯವಾದದ್ದೇ. ಆದರೆ ಆ ಶಿಬಿರಗಳ ಆಸರೆಯನ್ನೇ ನಂಬಿ, ಮನೆಗೆ ಬೀಗ ಹಾಕುವಷ್ಟು ವ್ಯವಧಾನವೂ ಇಲ್ಲದೆ, ಕಟ್ಟಿದ ದನಗಳ ಕಣ್ಣಿ ಬಿಚ್ಚಿ, ಕೈಕೂಸುಗಳನ್ನು ಹೊತ್ತು ಧಾರವಾಡ, ವಿಜಾಪುರ, ಸೊಲ್ಲಾಪುರ ಜಿಲ್ಲೆಗಳೊಳಕ್ಕೆ ಓಡಿಬಂದ ಸಾಮಾನ್ಯ ಕುಟುಂಬಗಳು ಮರಳಿ ಊರಿಗೆ ಹೋದಮೇಲೆ ಏನನ್ನು ಕಂಡವು, ಯಾರ ಬಳಿ ಸಾಲವೆತ್ತಿ ಬಿತ್ತಿದವು, ಸುಟ್ಟ ಮನೆಗೆ ಮತ್ತೆ ತೊಲೆಯೇರಿಸಿದ್ದು ಹೇಗೆ ಎಂಬುದನ್ನು ಆ ವೇದಿಕೆಗಳಿಂದ ನಾವು ಕೇಳುವುದು ಬಲು ಅಪರೂಪ. ಹೋರಾಟಕ್ಕೆ ಚರಿತ್ರೆಯುಂಟಾಯಿತು, ಮರುವಸತಿಗೆ ಉಂಟಾಗಲಿಲ್ಲ.

ಇದಕ್ಕಿಂತಲೂ ಗಾಢವಾದ ಮೌನವೊಂದಿದೆ. ಸಂಸ್ಥಾನವು ಶರಣಾದ ಬಳಿಕ ವಲಸೆಯ ದಿಕ್ಕು ತಿರುಗಿತು. ರಜಾಕಾರರ ಕ್ರೌರ್ಯಕ್ಕೂ ತಮಗೂ ಯಾವ ಸಂಬಂಧವೂ ಇಲ್ಲದ ಸಹಸ್ರಾರು ಮುಸಲ್ಮಾನ ಬಡವರು ಪ್ರತೀಕಾರಕ್ಕೆ ತುತ್ತಾದರು. ಅಳಿದುಳಿದವರಲ್ಲಿ ಅನೇಕರು ಬೀದರ, ಗುಲಬರ್ಗಾ, ಉಸ್ಮಾನಾಬಾದುಗಳ ಹಳ್ಳಿಗಳನ್ನು ತೊರೆದು ಹೈದರಾಬಾದು ನಗರವನ್ನು ಸೇರಿದರು. ಭಾರತ ಸರಕಾರವೇ ಕಳುಹಿದ ಪಂಡಿತ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್ ಮೊದಲಾದವರ ನಿಯೋಗವು ಆ ವರ್ಷದ ನವೆಂಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಸಂಚರಿಸಿ, ಮಡಿದವರ ಸಂಖ್ಯೆಯನ್ನು 27,000ದಿಂದ 40,000ವೆಂದು ಅಂದಾಜುಮಾಡಿತು. ಆ ವರದಿಯು ದಶಕಗಳ ಕಾಲ ಬೆಳಕನ್ನು ಕಾಣಲಿಲ್ಲ. ಅದರಲ್ಲಿ ಬರುವ ಒಂದು ಸಂಗತಿಯನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ: ಕೆಲವು ಊರುಗಳಲ್ಲಿ ಹಿಂದೂ ನೇಕಾರರು, ತಮ್ಮೊಡನೆ ಒಂದೇ ಕಸುಬಿನಲ್ಲಿ ಬಾಳಿದ ಮುಸಲ್ಮಾನ ನೇಕಾರರನ್ನು ರಕ್ಷಿಸಲು ತಮ್ಮ ಮತದವರಿಗೇ ಎದುರಾಗಿ ನಿಂತು ಪ್ರಾಣವನ್ನೂ ತೆತ್ತರು. ಸರಕಾರದ ಯಾವ ಯೋಜನೆಯೂ ಇನ್ನೂ ಹುಟ್ಟದಿದ್ದ ಆ ಗಳಿಗೆಯಲ್ಲಿ, ನೆರೆಯವನು ನೆರೆಯವನಾಗಿಯೇ ಉಳಿಯುವಂತೆ ಮಾಡಿದ್ದು ಮಗ್ಗದ ಒಡನಾಟ. ಪುನರ್ವಸತಿಯೆಂಬುದು ಆರಂಭವಾಗುವುದು ಅಲ್ಲಿಂದಲೇ ಎಂದು ನನ್ನ ನಂಬಿಕೆ. ಅಕ್ಕಿ, ಕಂಬಳಿಗಳ ವಿತರಣೆ ಅದಕ್ಕೆ ಪೀಠಿಕೆ ಮಾತ್ರ.

ಆರಂಭವಾದದ್ದು ಪೂರ್ಣಗೊಳ್ಳುವುದಾದರೂ ಎಲ್ಲಿ? ಕಂದಾಯದ ಕಡತದಲ್ಲಿ. ಹಳೆಯ ಹೈದರಾಬಾದು ಪ್ರಾಂತದ ರೈತನಿಗೆ 1954-55ರ ಖಾಸ್ರಾ ಪಹಣಿಯೆಂದರೆ ಏನೆಂಬುದನ್ನು ವಿವರಿಸಬೇಕಾಗಿಲ್ಲ. ಹೊಲದ ಒಡೆಯನಾದ ಪಟ್ಟೇದಾರನಾರು, ಅದನ್ನು ಸ್ವಾಧೀನದಲ್ಲಿಟ್ಟುಕೊಂಡ ಕಬ್ಜೇದಾರನಾರು ಎಂದು ಆಗ ಬರೆದ ಅಂಕಣಗಳನ್ನು ಹಿಡಿದು ನ್ಯಾಯಾಲಯಗಳಲ್ಲಿ ಇಂದಿಗೂ ವ್ಯಾಜ್ಯಗಳು ನಡೆಯುತ್ತಿವೆ. ಅಂಜಿ ಊರು ಬಿಟ್ಟವನು ಆ ಆರೇಳು ವರ್ಷಗಳಲ್ಲಿ ಮರಳದೆಹೋಗಿದ್ದರೆ, ಅವನ ಹೊಲವನ್ನು ಉಳುತ್ತಿದ್ದವನ ಹೆಸರೇ ಕಬ್ಜೆಯ ಅಂಕಣವನ್ನೇರಿತು. ಕತ್ತಿಯಿಂದಾದ ಉಚ್ಚಾಟನೆಯು ಹೀಗೆ ಲೇಖನಿಯಿಂದ ಕಾಯಮ್ಮಾಯಿತು. ಇದೇ ಕಾಲದಲ್ಲಿ, 1949ರಲ್ಲಿ, ಜಾಗೀರುಗಳು ರದ್ದಾದುವು. ಅದು ನ್ಯಾಯವಾದ ಸುಧಾರಣೆಯೇ ಆದರೂ, ಜಾಗೀರುಗಳ ಕಚೇರಿ, ದೇವಡಿಗಳನ್ನೇ ಆಶ್ರಯಿಸಿದ್ದ ಸಣ್ಣ ಸಂಬಳದವರಿಗೆ ಬದಲಿ ಜೀವನೋಪಾಯವನ್ನು ತೋರಿಸುವವರಿರಲಿಲ್ಲ.

ಆಶ್ರಯವಿತ್ತ ಪರಂಪರೆಯೂ ನಮ್ಮದೇ ಎಂಬುದನ್ನು ಮರೆಯಬಾರದು. ಟಿಬೆಟ್ಟಿನಿಂದ ಬಂದವರಿಗೆ ಮೈಸೂರು ಸರಕಾರವು 1960ರಲ್ಲಿ ಬೈಲುಕುಪ್ಪೆಯಲ್ಲಿ ಸುಮಾರು 3,000 ಎಕರೆ ಭೂಮಿಯನ್ನು ಕೊಟ್ಟಿತು. ಭೂಮಿಯ ಜೊತೆಗೆ ಶಾಲೆ, ಸಹಕಾರ ಸಂಘ, ಆಸ್ಪತ್ರೆಗಳು ಬಂದುವು. ಕಾಡು ಕಡಿದು ಮೆಕ್ಕೆಜೋಳ ಬೆಳೆದ ಜನ ಕ್ರಮೇಣ ಸುತ್ತಲಿನ ಸಂತೆಗಳಿಗೆ ಬೇಕಾದವರಾದರು. ಒಂದು ಕಾಲಕ್ಕೆ ನಿಜಾಮನ ಸೀಮೆಯೇ ಆಗಿದ್ದ ಸಿಂಧನೂರಿನಲ್ಲಿ, ಪೂರ್ವ ಬಂಗಾಳದಿಂದ ಬಂದವರ ಕ್ಯಾಂಪುಗಳಿಗೆ ಭೂಮಿಯೇನೋ ದೊರೆಯಿತು. ಪೌರತ್ವಕ್ಕಾಗಿ, ಜಾತಿ ಪ್ರಮಾಣಪತ್ರಕ್ಕಾಗಿ ಅಲ್ಲಿಯವರು ಕಚೇರಿಯಿಂದ ಕಚೇರಿಗೆ ಅಲೆಯುವುದು ಮಾತ್ರ ಮಕ್ಕಳ, ಮೊಮ್ಮಕ್ಕಳ ಕಾಲಕ್ಕೂ ತಪ್ಪಲಿಲ್ಲ. ಗದ್ದೆಯಲ್ಲಿ ಭತ್ತ ಬೆಳೆದವನು ಕಾಗದದಲ್ಲಿ ಬೇರೂರಲಾರದೆ ಹೋದನು.

ಈ ಅನುಭವವೆಲ್ಲ ಬೆನ್ನ ಹಿಂದಿರುವಾಗ, ಹೈದರಾಬಾದಿನ ದಕ್ಷಿಣದ ಅಂಚಿನಲ್ಲಿ, ಬಾಲಾಪುರದ ಸುತ್ತ ತಗಡು, ತಾಡಪಾಲುಗಳ ಗುಡಿಸಲುಗಳಲ್ಲಿರುವ ರೋಹಿಂಗ್ಯಾ ಕುಟುಂಬಗಳನ್ನು ನಾವು ಹೇಗೆ ಕಾಣುತ್ತಿದ್ದೇವೆ? ಅವರಲ್ಲಿ ಬಹಳ ಮಂದಿ ಮ್ಯಾನ್ಮಾರಿನ ರಖೈನ್ ಪ್ರಾಂತದ 2012ರ ಹಿಂಸಾಚಾರದ ತರುವಾಯ ಬಂದವರು. ಅವರ ದೇಶವು 1982ರ ಕಾನೂನಿನಿಂದಲೇ ಅವರ ಪೌರತ್ವವನ್ನು ಅಳಿಸಿತು. ನಿರಾಶ್ರಿತರನ್ನು ಕುರಿತ 1951ರ ಅಂತರರಾಷ್ಟ್ರೀಯ ಒಡಂಬಡಿಕೆಗೆ ನಮ್ಮ ದೇಶ ಸಹಿ ಹಾಕಿಲ್ಲ. ವಿಶ್ವಸಂಸ್ಥೆ ಕೊಟ್ಟ ಒಂದು ಕಾರ್ಡು ಅವರ ಜೇಬಿನಲ್ಲಿರುತ್ತದೆ, ಅದಕ್ಕೆ ನಮ್ಮ ಕಾನೂನಿನಲ್ಲಿ ನೆಲೆಯಿಲ್ಲ. ಗುಜರಿ ವಿಂಗಡಿಸಿ, ದಿನಗೂಲಿ ಮಾಡಿ ಹೊಟ್ಟೆ ಹೊರೆಯುವ ಇವರು ಕೂಲಿ ಕೊಡದವನ ಮೇಲೆ ದೂರು ಕೊಡಲೂ ಅಂಜುತ್ತಾರೆ.

ದೇಶದ ಭದ್ರತೆಯ ಪ್ರಶ್ನೆಯನ್ನು ಎತ್ತುವವರ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಬಂದವರು ಯಾರೆಂದು ಪರೀಕ್ಷಿಸುವುದು ಸರಕಾರದ ಹಕ್ಕೂ ಹೌದು, ಹೊಣೆಯೂ ಹೌದು. ಆದರೆ ಹೆಸರು, ವಾಸಸ್ಥಳ, ಕಸುಬುಗಳನ್ನು ದಾಖಲಿಸಿ, ನಿಯತ ಅವಧಿಗೆ ನೆಲಸುವ ಪರವಾನಗಿಯನ್ನು ಕೊಡುವುದಕ್ಕಿಂತ ಉತ್ತಮವಾದ ಪರೀಕ್ಷೆ ಮತ್ತಾವುದಿದೆ? ದಾಖಲೆಯೇ ಇಲ್ಲದ ಮನುಷ್ಯನನ್ನು ಕಾಯುವುದೂ ಕಷ್ಟ, ಕಾಪಾಡುವುದೂ ಕಷ್ಟ. ದೆಹಲಿಯ ರೋಹಿಂಗ್ಯಾ ಮಕ್ಕಳ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2025ರ ಫೆಬ್ರವರಿಯಲ್ಲಿ, ಆ ಮಕ್ಕಳು ಸರಕಾರಿ ಶಾಲೆಗಳಲ್ಲಿ ಪ್ರವೇಶ ಕೇಳಬಹುದು, ನಿರಾಕರಿಸಿದರೆ ಉಚ್ಚ ನ್ಯಾಯಾಲಯಕ್ಕೆ ಹೋಗಬಹುದು ಎಂದಿತು. ಬಾಲಾಪುರದ ಕೂಲಿಯವನು ಕೋರ್ಟಿನ ಮೆಟ್ಟಿಲೇರುವ ತನಕ ತೆಲಂಗಾಣ ಸರಕಾರವು ಕಾಯಬೇಕಾದ ಕಾರಣವಿಲ್ಲ. ಬರುವ ಜೂನಿನಲ್ಲಿ ಶಾಲೆಗಳು ತೆರೆಯುವ ಮುನ್ನವೇ, ಆಧಾರ್ ಇಲ್ಲವೆಂಬ ಕಾರಣಕ್ಕೆ ಯಾವ ಮಗುವನ್ನೂ ಹಿಂದಿರುಗಿಸಕೂಡದೆಂದು ಅಲ್ಲಿಯ ಮುಖ್ಯೋಪಾಧ್ಯಾಯರಿಗೆ ಲಿಖಿತವಾದ ಆಜ್ಞೆ ತಲುಪಬೇಕು.